ಉಬ್ಬುವ ಮರಕ್ಕೆ ಜಾಗ ಬಿಡುವುದು

ಮಳೆ ಹಿಡಿದು ಎರಡು ವಾರವಾಯಿತೆಂದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಾಗಿಲು ಕಚ್ಚಿಕೊಳ್ಳತೊಡಗುತ್ತದೆ. ಭುಜ ಕೊಟ್ಟು ದೂಡಬೇಕು. ಮಾರ್ಚ್ ಹೊತ್ತಿಗೆ ಅದೇ ಬಾಗಿಲು ಬೆರಳಲ್ಲಿ ತಳ್ಳಿದರೂ ತೆರೆದುಕೊಳ್ಳುತ್ತದೆ. ಆ ಮರ ಕಡಿದು ನಲವತ್ತು ವರ್ಷವಾಗಿದ್ದರೂ ಹೀಗೇ. ಮನೆಯ ಜಗಲಿಯಲ್ಲೋ ಕಾರ್ ಶೆಡ್ಡಿನಲ್ಲೋ ಸಣ್ಣ ಕಾರ್ಯಾಗಾರ ಮಾಡಿಕೊಂಡು ಮೇಜು, ಬೆಂಚು, ಕಪಾಟು ಮಾಡಬೇಕೆನ್ನುವವರು ಉಳಿ ಹಿಡಿಯುವ ಮೊದಲೇ ಮನಗಾಣಬೇಕಾದ ಸಂಗತಿ ಇದು. ಮೊಳೆ ಹೊಡೆದು, ಗೋಂದು ಹಾಕಿ ಮರವನ್ನು ಅಲುಗದಂತೆ ಹಿಡಿದಿಡಲು ಹೊರಟರೆ ಸೀಳುವುದು ಮರವೇ.

ಮರದೊಳಗೆ ಉದ್ದುದ್ದನೆಯ ಜೀವಕೋಶಗಳು ಒಣಹುಲ್ಲಿನ ಕಂತೆಯ ಹಾಗೆ ಒತ್ತಾಗಿ ನಿಂತಿವೆ. ಹಸಿಮರದಲ್ಲಿ ಕೋಶದ ಪೊಳ್ಳಿನಲ್ಲೂ ನೀರು, ಗೋಡೆಯಲ್ಲೂ ನೀರು. ಪೊಳ್ಳಿನ ನೀರು ಆರುವಾಗ ಮರ ಹಗುರವಾಗುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವ ಸುಮಾರು ಶೇ. 28–30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ, ಮರ ಕುಗ್ಗಲು ಆರಂಭಿಸುವುದು ಆಗಲೇ. ಆಮೇಲೆ ಅದು ಗಾಳಿಯ ತೇವಕ್ಕೆ ತಕ್ಕಂತೆ ಉಬ್ಬುತ್ತ ಕುಗ್ಗುತ್ತ ಇರುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಇರುವುದೆಲ್ಲ ಅಗಲದಲ್ಲಿ. ಅದೂ ಒಂದೇ ಸಮನಾಗಿಲ್ಲ. ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಆಗುವ ಕುಗ್ಗು ತಿರುಳಿನಿಂದ ಸಿಪ್ಪೆಯ ಕಡೆಗೆ ಆಗುವ ಕುಗ್ಗಿನ ಸುಮಾರು ಎರಡರಷ್ಟು.

ಸಾಮಿಲ್ಲಿನಲ್ಲಿ ಹಲಗೆ ಆರಿಸುವಾಗ ಅದರ ತುದಿಯನ್ನು ನೋಡಿ. ಉಂಗುರದ ಗೆರೆಗಳು ಅಡ್ಡ ಮಲಗಿದ್ದರೆ ಆ ಹಲಗೆ ಹೆಚ್ಚು ಉಬ್ಬುತ್ತದೆ, ಒಣಗುವಾಗ ಸಿಪ್ಪೆಯ ಕಡೆಯ ಮೈ ಒಳಬಾಗುತ್ತದೆ. ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಸಭ್ಯ ಹಲಗೆ. ತೇಗದಂಥ ಸ್ಥಿರ ಮರವನ್ನೇ ತೆಗೆದುಕೊಳ್ಳೋಣ. 600 ಮಿಲಿಮೀಟರ್ ಅಗಲದ ಮೇಜಿನ ಮೇಲ್ಹಲಗೆ ಇದೆ, ಬೇಸಿಗೆಯಿಂದ ಮಳೆಗಾಲಕ್ಕೆ ತೇವ ಶೇ. 10ರಿಂದ 15ಕ್ಕೆ ಏರಿತು. ಮಲಗಿದ ಗೆರೆಯ ಹಲಗೆಗಳಾದರೆ ಅಗಲ ಐದೂವರೆ ಮಿಲಿಮೀಟರಿನಷ್ಟು ಹೆಚ್ಚುತ್ತದೆ, ನಿಂತ ಗೆರೆಯವಾದರೆ ಸುಮಾರು ಮೂರು. ಕಣ್ಣಿಗೆ ಸಣ್ಣದು. ಆದರೆ ನಾಲ್ಕೂ ಕಡೆ ಸ್ಕ್ರೂ ಬಿಗಿದು ಅದನ್ನು ತಡೆದರೆ ಹಲಗೆ ಉಬ್ಬಿ ನಿಲ್ಲುತ್ತದೆ, ಇಲ್ಲವೇ ಮುಂದಿನ ಬೇಸಿಗೆಯಲ್ಲಿ ನಡುವೆ ಬಿರಿಯುತ್ತದೆ.

ಯಾವ ಮರ ಕೊಳ್ಳುವುದು? ಮೊದಲ ಮೇಜಿಗೆ ನನ್ನ ಒಲವು ಹಲಸಿನ ಕಡೆಗೆ. ವೀಣೆಯ ಕೊಡಕ್ಕೆ ಬಳಸುವ ಮರ ಅದು. ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣವಿದ್ದು, ಬೆಳಕು ತಾಗುತ್ತ ವರ್ಷಗಳಲ್ಲಿ ಜೇನುಗಂದಿಗೆ ತಿರುಗುತ್ತದೆ. ಅದಕ್ಕೆ ಬಣ್ಣ ಬಳಿದು ತೇಗದಂತೆ ಕಾಣಿಸುವುದು ಮರಕ್ಕೆ ಮಾಡುವ ಅನ್ಯಾಯ. ಕಾಫಿ ತೋಟಗಳ ಸಿಲ್ವರ್ ಓಕ್ ಅಗ್ಗ, ಒಳಮನೆಯ ಪೀಠೋಪಕರಣಕ್ಕೆ ಸಾಕು. ಹೊನ್ನೆ, ಮತ್ತಿ ಗಟ್ಟಿ ಮರಗಳು, ಕೈ ಪಳಗಿದ ಮೇಲೆ ತೆಗೆದುಕೊಳ್ಳಿ. ಯಾವುದೇ ಜಾತಿಯಾದರೂ ಚೇಗು ಇರುವ ಭಾಗವನ್ನೇ ಕೇಳಿ. ಅಂಚಿನ ಬಿಳಿಯ ಭಾಗಕ್ಕೆ ಕುಟ್ಟೆ ಹುಳ ಬೇಗ ಬೀಳುತ್ತದೆ. ಹಳೆ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲುಗಳು ಬಹಳ ಒಳ್ಳೆಯ ಸರಕು, ದಶಕಗಳ ಕಾಲ ಒಣಗಿರುತ್ತವೆ. ಗರಗಸ ಇಡುವ ಮುನ್ನ ಒಂದು ಬಲವಾದ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ತೇಗವೆಂದು ಕೊಟ್ಟದ್ದು ತೇಗ ಹೌದೇ ಎಂಬ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಈ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸುವ ತಜ್ಞರಿದ್ದಾರೆ.

ಹಲಗೆ ಮನೆಗೆ ಬಂದ ಕೂಡಲೇ ಕೆಲಸಕ್ಕಿಳಿಯಬೇಡಿ. ಮಳೆ, ಬಿಸಿಲು ತಾಗದ ಕಡೆ, ನಡುನಡುವೆ ಒಂದೇ ದಪ್ಪದ ರೀಪು ಇಟ್ಟು ಪೇರಿಸಿ. ತುದಿಗಳಿಂದ ನೀರು ಮೈಯಿಂದ ಹೋಗುವುದಕ್ಕಿಂತ ಹಲವು ಪಟ್ಟು ಬೇಗ ಆರುತ್ತದೆ. ಸೀಳು ಬೀಳುವುದೂ ಅಲ್ಲಿಂದಲೇ. ಅದಕ್ಕೆ ತುದಿಗೆ ಪೇಂಟನ್ನೋ ಕರಗಿಸಿದ ಮೇಣವನ್ನೋ ಬಳಿಯಬೇಕು. ಒಣಗಿದೆಯೇ ಎಂದು ತಿಳಿಯಲು ದುಬಾರಿ ಮೀಟರ್ ಇರಲೇಬೇಕೆಂದಿಲ್ಲ. ಹಲಗೆಯ ತುದಿಯಿಂದ ಒಂದಡಿ ಒಳಗೆ ಸಣ್ಣ ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿಸಿ ಮತ್ತೆ ತೂಗಿ. 230 ಗ್ರಾಮಿನದು 200ಕ್ಕೆ ನಿಂತರೆ, ಹೋದ 30 ಗ್ರಾಮನ್ನು ಒಣತೂಕ 200ರಿಂದ ಭಾಗಿಸಿ. ತೇವ ಶೇ. 15. ಬೆಂಗಳೂರಿನ ಒಳಮನೆಯ ಮೇಜಿಗೆ ಶೇ. 12ರ ಒಳಗಿದ್ದರೆ ಚೆನ್ನ, ಕರಾವಳಿಯಲ್ಲಿ ಅದಕ್ಕಿಂತ ತುಸು ಹೆಚ್ಚಿದ್ದರೂ ನಡೆಯುತ್ತದೆ. ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಮಾಡಿದ ಮೇಜು ಏಪ್ರಿಲ್‌ನಲ್ಲಿ ಬಳ್ಳಾರಿಗೆ ಹೋದರೆ ಅದರ ಜೋಡಣೆಗಳಿಗೆ ಎಂಥ ಪರೀಕ್ಷೆ ಎಂಬುದನ್ನು ಊಹಿಸಿಕೊಳ್ಳಬಹುದು. ಮಾಡುವಾಗಲೇ ಅದು ಎಲ್ಲಿ ಇರಲಿದೆ ಎಂದು ಕೇಳಿಕೊಳ್ಳಬೇಕು.

ಹತ್ಯಾರುಗಳ ಪಟ್ಟಿ ದೊಡ್ಡದೇನಲ್ಲ. ಒಂದು ಗರಗಸ, ಉಜ್ಜುಗೊರಡು, ಮೂರು ಅಳತೆಯ ಉಳಿ, ಕೊಡತಿ, ಮೂಲೆಮಟ್ಟ, ನಾಲ್ಕಾರು ಕ್ಲಾಂಪು, ಒಳ್ಳೆಯ ಸಾಣೆಕಲ್ಲು. ಕೊನೆಯದರ ಮೇಲೆ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಮೊಂಡು ಅಲಗು ಹಲಸಿನ ಅಡ್ಡಾದಿಡ್ಡಿ ಎಳೆಯನ್ನು ಕೊಯ್ಯುವುದಿಲ್ಲ, ಕಿತ್ತುಹಾಕುತ್ತದೆ.

ಅಗಲವಾದ ಮೇಲ್ಹಲಗೆಗೆ ಮೂರು ನಾಲ್ಕು ಹಲಗೆ ಅಂಚಿಗಂಚು ಕೂಡಿಸಬೇಕು. ಎರಡರ ಅಂಚುಗಳನ್ನೂ ಗೊರಡು ಹೊಡೆದು, ಒಂದರ ಮೇಲೊಂದು ನಿಲ್ಲಿಸಿ ಕಿಟಕಿಯ ಎದುರು ಹಿಡಿಯಿರಿ. ಸಂದಿಯಲ್ಲಿ ಎಲ್ಲೂ ಬೆಳಕು ನುಸುಳಬಾರದು. ಎಳೆ ಉದ್ದಕ್ಕಿರುವ ಅಂಚುಗಳು ಹೀಗೆ ಕೂತರೆ ಸಾಮಾನ್ಯ ಫೆವಿಕಾಲ್ ಮರದಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಕಾಲು ಮತ್ತು ಅಡ್ಡಪಟ್ಟಿ ಸೇರುವಲ್ಲಿ ಹಾಗಲ್ಲ. ಪಟ್ಟಿಯ ತುದಿಗೆ ಗೋಂದು ಸರಿಯಾಗಿ ಹಿಡಿಯದು. ಕಾಲಿನಲ್ಲಿ ಚೌಕ ತೂತು ಕೊರೆದು, ಪಟ್ಟಿಯ ತುದಿಯಲ್ಲಿ ನಾಲಿಗೆ ಬಿಟ್ಟು ಕೂರಿಸಬೇಕು. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ ಇದ್ದರೆ ಸಾಕು. ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧಕ್ಕೆ ಕೊಡತಿಯ ಮೆಲ್ಲನೆ ಪೆಟ್ಟು.

ಮೇಲ್ಹಲಗೆಯನ್ನು ಚೌಕಟ್ಟಿಗೆ ಹಿಡಿಸುವ ಹಂತವೇ ಇಡೀ ಮೇಜಿನ ಆಯುಷ್ಯ ನಿರ್ಧರಿಸುವುದು. ಬೆಂಕಿಪೊಟ್ಟಣದ ಗಾತ್ರದ ಗಟ್ಟಿ ಮರದ ಬಿಲ್ಲೆಗಳನ್ನು ಮಾಡಿಕೊಳ್ಳಿ. ಒಂದು ತುದಿಯಲ್ಲಿ ಸೆಂಟಿಮೀಟರ್ ಉದ್ದದ ನಾಲಿಗೆ ಇರಲಿ. ಅಡ್ಡಪಟ್ಟಿಯ ಒಳಮೈಯಲ್ಲಿ ಗಾಡಿ (ಕಾಲುವೆಯಂಥ ಉದ್ದನೆಯ ಕೊರಕಲು) ಹೊಡೆದು, ನಾಲಿಗೆಯನ್ನು ಅದರೊಳಗೆ ತೂರಿಸಿ, ಬಿಲ್ಲೆಯನ್ನು ಕೆಳಗಿನಿಂದ ಸ್ಕ್ರೂನಿಂದ ಮೇಲ್ಹಲಗೆಗೆ ಮಾತ್ರ ಬಿಗಿಯಿರಿ. ಹಲಗೆ ಉಬ್ಬಿದಾಗ ಉದ್ದದ ಪಟ್ಟಿಯ ಬಿಲ್ಲೆಗಳು ಗಾಡಿಯೊಳಗೆ ಮುಂದೆ ಸರಿಯುತ್ತವೆ, ಕುಗ್ಗಿದಾಗ ಹಿಂದೆ. ಗಿಡ್ಡ ಪಟ್ಟಿಯಲ್ಲಿರುವವು ಗಾಡಿಗುಂಟ ಪಕ್ಕಕ್ಕೆ ಜಾರುತ್ತವೆ. ಬೇಸಿಗೆಯಲ್ಲಿ ಮಾಡುತ್ತಿದ್ದರೆ ಹಲಗೆ ಇನ್ನು ಅಗಲವಾಗುವುದೇ ಬಾಕಿ. ಆದ್ದರಿಂದ ಉದ್ದದ ಪಟ್ಟಿಗೂ ಬಿಲ್ಲೆಯ ಭುಜಕ್ಕೂ ನಡುವೆ ನಾಲ್ಕು ಮಿಲಿಮೀಟರ್ ಬಿಡಿ. ಮಳೆಗಾಲದಲ್ಲಾದರೆ ನಾಲಿಗೆಯನ್ನು ಹೆಚ್ಚುಕಡಿಮೆ ಪೂರ್ತಿ ಒಳಗೆ ದೂಡಿ, ಏಕೆಂದರೆ ಮುಂದೆ ಅದು ಹೊರಗೆ ಸರಿಯಲಿದೆ. ಗಿಡ್ಡ ಪಟ್ಟಿಗಳ ನಟ್ಟನಡುವೆ ಒಂದೊಂದು ಸ್ಕ್ರೂ ನೇರವಾಗಿ ಹಾಕಿದರೆ ಹಲಗೆ ಎರಡೂ ಕಡೆಗೆ ಸಮನಾಗಿ ಆಡುತ್ತದೆ. ಹಳೆ ಮನೆಗಳ ಹಲಗೆ ಕೂರಿಸಿದ ಬಾಗಿಲು, ಕಪಾಟುಗಳಲ್ಲೂ ಇದೇ ವಿವೇಕವಿದೆ. ನಡುವಿನ ಹಲಗೆಗೆ ಗೋಂದು ಹಾಕುವುದಿಲ್ಲ, ಅದು ಚೌಕಟ್ಟಿನ ಗಾಡಿಯಲ್ಲಿ ಸುಮ್ಮನೆ ಕೂತಿರುತ್ತದೆ. ಹೆಸರಿಲ್ಲದ ಎಷ್ಟೋ ಬಡಗಿಗಳು ಸೂತ್ರ ಬರೆಯದೆ ಕೈಯಲ್ಲಿ ಕಾಪಾಡಿಕೊಂಡು ಬಂದ ಈ ತಿಳಿವಳಿಕೆಯ ಬಗ್ಗೆ ನನಗೆ ಅಪಾರ ಗೌರವ.

ಇನ್ನು ಮೆರುಗು. 80, 120, 180, 220 ನಂಬರಿನ ಸ್ಯಾಂಡ್ ಪೇಪರನ್ನು ಇದೇ ಕ್ರಮದಲ್ಲಿ, ಎಳೆಯ ಗುಂಟ ಉಜ್ಜಿ. ಮೂಗಿಗೆ ಒಳ್ಳೆಯ ಮಾಸ್ಕ್ ಇರಲೇಬೇಕು. ಮರದ ದೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಕೊನೆಯ ಸುತ್ತಿಗೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಮಲಗಿದ್ದ ಎಳೆಗಳು ಎದ್ದು ನಿಲ್ಲುತ್ತವೆ. ಆರಿದ ಮೇಲೆ 220ರಲ್ಲಿ ಹಗುರಾಗಿ ಉಜ್ಜಿ ತೆಗೆದರೆ ಮುಂದೆ ನೀರು ಚೆಲ್ಲಿದಾಗ ಮೈ ತರಿತರಿಯಾಗದು.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತೆಳುವಾಗಿ ಪದರ ಪದರವಾಗಿ ಹಚ್ಚುವ ಹಳೆಯ ಪಾಲಿಶ್‌ನ ಅಂದಕ್ಕೆ ಸಾಟಿಯಿಲ್ಲ. ಚನ್ನಪಟ್ಟಣದ ಬೊಂಬೆಗಳ ಹೊಳಪಿಗೂ ಅರಗೇ ಮೂಲ. ಅಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಕಾವಿಗೆ ಅದು ಕರಗಿ ಹತ್ತುತ್ತದೆ. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಅರಗಿನ ಮೈಮೇಲೆ ಬಿಳಿ ವೃತ್ತ ಏಳುತ್ತದೆ. ಪುಸ್ತಕದ ಕಪಾಟಿಗೆ ಅದು ಹೇಳಿ ಮಾಡಿಸಿದ್ದು, ಊಟದ ಮೇಜಿಗೆ ಅಲ್ಲ. ಊಟದ ಮೇಜಿಗೆ ಪಿಯು (ಪಾಲಿಯುರೆಥೇನ್) ಮೆರುಗು ಹಾಕಿದರೆ ತಡೆಯುತ್ತದೆ. ಗಾಜಿನಂತೆ ದಪ್ಪ ಪದರ ಕೊಟ್ಟು ಮರವನ್ನು ಮುಚ್ಚಬೇಡಿ, ತೆಳುವಾದ ಎರಡು ಮೂರು ಪದರ ಸಾಕು. ಏನೇ ಹಚ್ಚಿದರೂ ಹಲಗೆಯ ಅಡಿಮೈಗೂ ಹಚ್ಚಿ. ಮೇಲೆ ಮಾತ್ರ ಹಚ್ಚಿದರೆ ಎರಡು ಮೈಗಳು ತೇವವನ್ನು ಬೇರೆಬೇರೆ ವೇಗದಲ್ಲಿ ಹೀರಿ ಹಲಗೆ ಸೊಟ್ಟಗಾಗುತ್ತದೆ. ಯಾವ ಮೆರುಗೂ ತೇವವನ್ನು ಪೂರ್ತಿ ತಡೆಯಲಾರದು, ಅದರ ಓಡಾಟವನ್ನು ನಿಧಾನ ಮಾಡುತ್ತದೆ ಅಷ್ಟೆ.

ಕೈಕೆಲಸದ ಮೇಜಿಗೆ ನಾನು ಹೇಳುವುದು ಕಾಯಿಸಿದ ಅಗಸೆ ಎಣ್ಣೆ. ಧಾರಾಳವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಉಳಿಸಿದರೆ ಅಂಟಂಟಾಗುತ್ತದೆ. ಒಂದು ದಿನ ಒಣಗಿಸಿ ಇನ್ನೊಂದು ಪದರ, ಹೀಗೆ ಮೂರು ಸಲ. ಗೀರು ಬಿದ್ದರೆ ಅಷ್ಟೇ ಜಾಗ ಉಜ್ಜಿ ಮತ್ತೆ ಎಣ್ಣೆ ಹಚ್ಚಬಹುದು, ಪಿಯುವಿನಲ್ಲಿ ಈ ಸುಲಭವಿಲ್ಲ. ಅಗಸೆ ಎಣ್ಣೆ ಸ್ಪಿರಿಟ್ಟಿನಂತೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ಆ ಶಾಖ ಹರಡಿ ಹೋಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆ ತಾನಾಗಿ ಬೆಂಕಿ ಹತ್ತಬಹುದು. ಮರದ ಹೊಟ್ಟು ತುಂಬಿದ ಕಾರ್ಯಾಗಾರದಲ್ಲಿ ಇದು ಸಣ್ಣ ಮಾತಲ್ಲ. ಕೆಲಸ ಮುಗಿದ ಕೂಡಲೇ ಆ ಬಟ್ಟೆಗಳನ್ನು ಮನೆಯ ಹೊರಗೆ ಒಂದೊಂದಾಗಿ ಬಿಡಿಸಿ ತಂತಿಯ ಮೇಲೆ ಹರವಿ, ಗರಿಗರಿಯಾಗಿ ಒಣಗಿದ ಮೇಲಷ್ಟೇ ಕಸಕ್ಕೆ ಹಾಕಿ.