ಜಾಕ್ ಸ್ಟೀನ್

ಜಾಕ್ ಸ್ಟೀನ್ (5 ಅಕ್ಟೋಬರ್ 1922 – 10 ಸೆಪ್ಟೆಂಬರ್ 1985) ಸ್ಕಾಟ್ಲೆಂಡ್‌ನ ಕಾಲ್ಚೆಂಡು ಆಟಗಾರರು ಹಾಗೂ ಮ್ಯಾನೇಜರ್. ಅವರ ನಿಜನಾಮಧೇಯ ಜಾನ್ ಸ್ಟೀನ್. ಕಲ್ಲಿದ್ದಲು ಗಣಿಯ ಕಾರ್ಮಿಕರಾಗಿ ಜೀವನ ಆರಂಭಿಸಿದ ಅವರು, 1967ರಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡಕ್ಕೆ ಯುರೋಪಿಯನ್ ಕಪ್ ಗೆದ್ದುಕೊಟ್ಟರು. ಬ್ರಿಟನ್ನಿನ ತಂಡವೊಂದು ಆ ಪ್ರಶಸ್ತಿಯನ್ನು ಗೆದ್ದದ್ದು ಅದೇ ಮೊದಲು. 1978ರಿಂದ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಮ್ಯಾನೇಜರ್ ಆಗಿದ್ದ ಅವರು, 1985ರಲ್ಲಿ ಪಂದ್ಯವೊಂದು ನಡೆಯುತ್ತಿದ್ದಾಗಲೇ ಮೈದಾನದ ಅಂಚಿನಲ್ಲಿ ಕುಸಿದು, ಕ್ರೀಡಾಂಗಣದ ಚಿಕಿತ್ಸಾ ಕೊಠಡಿಯಲ್ಲಿ ನಿಧನರಾದರು.

ಬ್ರಿಟನ್ನಿನ ಕಾಲ್ಚೆಂಡಿನಲ್ಲಿ ಮ್ಯಾನೇಜರ್ ಎಂದರೆ ಕೇವಲ ಆಡಳಿತ ನೋಡಿಕೊಳ್ಳುವ ಅಧಿಕಾರಿಯಲ್ಲ. ಆಟಗಾರರ ಆಯ್ಕೆ, ತರಬೇತಿ, ಆಟದ ತಂತ್ರ ಇವೆಲ್ಲಕ್ಕೂ ಆತನೇ ಹೊಣೆಗಾರ. ಈ ಹುದ್ದೆಗೆ ಇಂತಹ ಪೂರ್ಣ ಅಧಿಕಾರ ದೊರಕಬೇಕೆಂದು ಆಗ್ರಹಿಸಿದವರಲ್ಲಿ ಸ್ಟೀನ್ ಪ್ರಮುಖರು.

ಆರಂಭಿಕ ಜೀವನ

ಸ್ಟೀನ್ ಜನಿಸಿದ್ದು ಲ್ಯಾನಾರ್ಕ್‌ಶೈರ್ ಪ್ರಾಂತ್ಯದ ಬರ್ನ್‌ಬ್ಯಾಂಕ್ ಎಂಬ ಊರಿನಲ್ಲಿ. ಅದು ಕಲ್ಲಿದ್ದಲು ಗಣಿಗಳ ಪ್ರದೇಶ. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಅವರು ಕೆಲಕಾಲ ರತ್ನಗಂಬಳಿ ಕಾರ್ಖಾನೆಯಲ್ಲಿ ದುಡಿದು, ಅನಂತರ ಗಣಿಗೆ ಸೇರಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ದೇಶಕ್ಕೆ ಅತ್ಯಗತ್ಯವಾಗಿದ್ದುದರಿಂದ ಗಣಿ ಕಾರ್ಮಿಕರನ್ನು ಸಾಮಾನ್ಯವಾಗಿ ಸೈನ್ಯಕ್ಕೆ ಕರೆಯುತ್ತಿರಲಿಲ್ಲ. ಹೀಗಾಗಿ ಸ್ಟೀನ್ ವಾರವಿಡೀ ಭೂಮಿಯೊಳಗೆ ದುಡಿದು, ಶನಿವಾರ ಮೈದಾನಕ್ಕೆ ಇಳಿಯುತ್ತಿದ್ದರು. ಗಣಿಯ ಕತ್ತಲೆಯಲ್ಲಿ ಒಬ್ಬನ ಪ್ರಾಣ ಪಕ್ಕದವನ ಎಚ್ಚರಿಕೆಯನ್ನು ಅವಲಂಬಿಸಿರುತ್ತದೆ. ಈ ಪರಸ್ಪರ ನಂಬಿಕೆಯ ಪಾಠ ಅವರ ಮುಂದಿನ ಬದುಕಿನುದ್ದಕ್ಕೂ ಕಾಣುತ್ತದೆ.

ಆಟಗಾರರಾಗಿ

1942ರಲ್ಲಿ ಸ್ಟೀನ್ ಆಲ್ಬಿಯನ್ ರೋವರ್ಸ್ ಎಂಬ ಸಣ್ಣ ತಂಡವನ್ನು ಸೇರಿದರು. ಅವರು ರಕ್ಷಣಾ ವಿಭಾಗದ ಮಧ್ಯದಲ್ಲಿ ಆಡುತ್ತಿದ್ದರು. 1950ರಲ್ಲಿ ವೇಲ್ಸ್‌ನ ಲನೆಥ್ಲಿ ತಂಡಕ್ಕೆ ಹೋದಾಗ ಮೊದಲ ಬಾರಿಗೆ ಗಣಿಯ ಕೆಲಸ ಬಿಟ್ಟು ಪೂರ್ಣಾವಧಿಯ ವೃತ್ತಿಪರ ಆಟಗಾರರಾದರು. ಆದರೆ ಸಂಸಾರ ಸ್ಕಾಟ್ಲೆಂಡ್‌ನಲ್ಲಿ ಇದ್ದಾಗ ಅವರ ಮನೆಯಲ್ಲಿ ಕಳ್ಳತನವಾಯಿತು. ತವರಿಗೆ ಮರಳುವ ಮನಸ್ಸು ಮಾಡಿದ್ದ ಸಮಯದಲ್ಲಿಯೇ, 1951ರ ಡಿಸೆಂಬರ್‌ನಲ್ಲಿ, ಸೆಲ್ಟಿಕ್ ತಂಡದಿಂದ ಕರೆ ಬಂದಿತು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ.

ಸೆಲ್ಟಿಕ್ ಅವರನ್ನು ಕರೆಸಿಕೊಂಡಿದ್ದು ಮೀಸಲು ತಂಡದ ಕಿರಿಯರಿಗೆ ಮಾರ್ಗದರ್ಶಕರಾಗಿರಲೆಂದು. ಮುಖ್ಯ ತಂಡದ ರಕ್ಷಣಾ ಆಟಗಾರರು ಗಾಯಗೊಂಡ ಕಾರಣ ಅವರಿಗೆ ಅವಕಾಶ ಸಿಕ್ಕಿತು. ಸಿಕ್ಕ ಸ್ಥಾನವನ್ನು ಅವರು ಬಿಟ್ಟುಕೊಡಲಿಲ್ಲ. ಕೆಲವೇ ಕಾಲದಲ್ಲಿ ನಾಯಕರೂ ಆದರು. ಅವರ ನಾಯಕತ್ವದಲ್ಲಿ ಸೆಲ್ಟಿಕ್ 1953ರಲ್ಲಿ ಕಾರೊನೇಷನ್ ಕಪ್ ಗೆದ್ದಿತು. 1953–54ರ ಋತುವಿನಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದಿತು. 1914ರ ನಂತರ ಸೆಲ್ಟಿಕ್ ತಂಡಕ್ಕೆ ಇಂತಹ ಜೋಡಿ ಗೆಲುವು ಲಭಿಸಿರಲಿಲ್ಲ. ಇದಕ್ಕೆ ಬಹುಮಾನವಾಗಿ ತಂಡವನ್ನು 1954ರ ವಿಶ್ವಕಪ್ ವೀಕ್ಷಿಸಲು ಸ್ವಿಟ್ಜರ್ಲೆಂಡ್‌ಗೆ ಕಳುಹಿಸಲಾಯಿತು. ಅಲ್ಲಿ ಹಂಗೇರಿ ತಂಡದ ಹೊಸ ಬಗೆಯ ಆಟ ಸ್ಟೀನ್ ಅವರ ಮೇಲೆ ಗಾಢ ಪ್ರಭಾವ ಬೀರಿತು.

1955ರಲ್ಲಿ ಅವರ ಕಾಲಿನ ಹರಡಿಗೆ ತೀವ್ರ ಪೆಟ್ಟಾಯಿತು. ಅದು ವಾಸಿಯಾಗದ ಕಾರಣ 1957ರಲ್ಲಿ ಆಟದಿಂದ ನಿವೃತ್ತರಾದರು. ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಪರವಾಗಿ ಅವರು ಒಂದು ಅಧಿಕೃತ ಅಂತರರಾಷ್ಟ್ರೀಯ ಪಂದ್ಯವನ್ನೂ ಆಡಲಿಲ್ಲ ಎಂಬುದು ಗಮನಾರ್ಹ.

ಮ್ಯಾನೇಜರ್ ಆಗಿ ಆರಂಭ

ನಿವೃತ್ತಿಯ ನಂತರ ಸೆಲ್ಟಿಕ್ ತಂಡವು ಸ್ಟೀನ್ ಅವರನ್ನು ಮೀಸಲು ತಂಡದ ತರಬೇತುದಾರರನ್ನಾಗಿ ನೇಮಿಸಿತು. 1960ರ ಮಾರ್ಚ್‌ನಲ್ಲಿ ಅವರು ಡನ್‌ಫರ್ಮ್‌ಲಿನ್ ಅಥ್ಲೆಟಿಕ್ ತಂಡದ ಮ್ಯಾನೇಜರ್ ಆದರು. ಕೆಳಗಿನ ವಿಭಾಗಕ್ಕೆ ಜಾರುವ ಅಪಾಯದಲ್ಲಿದ್ದ ಆ ತಂಡ ಅವರ ಕೈಕೆಳಗೆ ಸತತ ಆರು ಪಂದ್ಯಗಳನ್ನು ಗೆದ್ದು ಪಾರಾಯಿತು. ಮರುವರ್ಷ ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ಎದುರಾದದ್ದು ಅವರ ಹಳೆಯ ತಂಡವಾದ ಸೆಲ್ಟಿಕ್. ಮೊದಲ ಪಂದ್ಯ ಸಮಬಲದಲ್ಲಿ ಮುಗಿದು, ಮರುಪಂದ್ಯದಲ್ಲಿ ಡನ್‌ಫರ್ಮ್‌ಲಿನ್ 2–0ರಿಂದ ಜಯಿಸಿತು.

1963ರಲ್ಲಿ ಸ್ಟೀನ್ ಇಟಲಿಗೆ ತೆರಳಿ, ಇಂಟರ್ ಮಿಲಾನ್ ತಂಡದ ತರಬೇತುದಾರ ಹೆಲೆನಿಯೊ ಹೆರೇರಾ ಅವರ ಕಾರ್ಯವಿಧಾನವನ್ನು ಸಮೀಪದಿಂದ ಅಧ್ಯಯನ ಮಾಡಿದರು. 1964ರಲ್ಲಿ ಎಡಿನ್‌ಬರೋ ನಗರದ ಹೈಬರ್ನಿಯನ್ ತಂಡಕ್ಕೆ ಹೋಗಿ, ಅಲ್ಲಿಯೂ ಸಮ್ಮರ್ ಕಪ್ ಗೆದ್ದರು.

ಸೆಲ್ಟಿಕ್ ಯುಗ

1965ರ ಮಾರ್ಚ್‌ನಲ್ಲಿ ಸ್ಟೀನ್ ಸೆಲ್ಟಿಕ್‌ಗೆ ಮ್ಯಾನೇಜರ್ ಆಗಿ ಮರಳಿದರು. ಐರಿಷ್ ಕ್ಯಾಥೊಲಿಕ್ ವಲಸಿಗರ ನಡುವೆ ಹುಟ್ಟಿ ಬೆಳೆದ ಆ ಸಂಸ್ಥೆಯ ಮೊದಲ ಪ್ರಾಟೆಸ್ಟಂಟ್ ಮ್ಯಾನೇಜರ್ ಅವರೇ. ಧರ್ಮದ ಹೆಸರಿನಲ್ಲಿ ಅಭಿಮಾನಿಗಳು ಇಬ್ಭಾಗವಾಗಿದ್ದ ಗ್ಲಾಸ್ಗೋ ನಗರದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಅದುವರೆಗೆ ತಂಡದ ಆಯ್ಕೆಯಲ್ಲಿ ಸಂಸ್ಥೆಯ ಅಧ್ಯಕ್ಷರ ಮಾತೇ ನಡೆಯುತ್ತಿತ್ತು. ಆ ಅಧಿಕಾರ ಸಂಪೂರ್ಣವಾಗಿ ತಮ್ಮದಾಗಬೇಕೆಂಬ ಷರತ್ತಿನ ಮೇಲೆ ಸ್ಟೀನ್ ಹುದ್ದೆಯನ್ನು ಒಪ್ಪಿಕೊಂಡರು. ಕೆಲವೇ ವಾರಗಳಲ್ಲಿ ಸೆಲ್ಟಿಕ್ ಸ್ಕಾಟಿಷ್ ಕಪ್ ಗೆದ್ದಿತು. 1966ರಿಂದ 1974ರವರೆಗೆ ಸತತ ಒಂಬತ್ತು ಬಾರಿ ಲೀಗ್ ಪ್ರಶಸ್ತಿಯೂ ಸೆಲ್ಟಿಕ್ ಪಾಲಾಯಿತು.

1966–67ರ ಋತುವಿನಲ್ಲಿ ಸೆಲ್ಟಿಕ್ ತಾನು ಭಾಗವಹಿಸಿದ ಐದೂ ಸ್ಪರ್ಧೆಗಳನ್ನು ಗೆದ್ದಿತು. ಅವುಗಳಲ್ಲಿ ಶ್ರೇಷ್ಠವಾದುದು ಇಂದು ಚಾಂಪಿಯನ್ಸ್ ಲೀಗ್ ಎಂದು ಕರೆಯಲ್ಪಡುವ ಯುರೋಪಿಯನ್ ಕಪ್. 25 ಮೇ 1967ರಂದು ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರಾಳಿಯಾಗಿದ್ದುದು ಹೆರೇರಾ ಅವರ ಇಂಟರ್ ಮಿಲಾನ್. 1964 ಮತ್ತು 1965ರಲ್ಲಿ ಇದೇ ಕಪ್ ಗೆದ್ದಿದ್ದ ಆ ತಂಡ 'ಕತೆನಾಚ್ಚೊ' ಎಂಬ ರಕ್ಷಣಾ ಪದ್ಧತಿಗೆ ಹೆಸರಾಗಿತ್ತು. ಇಟಾಲಿಯನ್ ಭಾಷೆಯ ಆ ಪದಕ್ಕೆ ಬಾಗಿಲಿನ ಅಗುಳಿ ಎಂಬ ಅರ್ಥವಿದೆ. ಮೊದಲು ಒಂದು ಗೋಲು ಗಳಿಸಿ, ಬಳಿಕ ಬಾಗಿಲು ಮುಚ್ಚಿದಂತೆ ಆಡುವುದು ಅದರ ಸ್ವರೂಪ.

ಇಂಟರ್ ಆರಂಭದಲ್ಲಿಯೇ ಪೆನಾಲ್ಟಿಯಿಂದ ಮುನ್ನಡೆ ಪಡೆಯಿತು. ಸ್ಟೀನ್ ತಮ್ಮ ರಕ್ಷಣಾ ಆಟಗಾರರಿಗೂ ಅಂಚುಗಳಿಂದ ಮುನ್ನುಗ್ಗುವ ಸ್ವಾತಂತ್ರ್ಯ ನೀಡಿದ್ದರು. ಅದರ ಫಲವಾಗಿ ಒಂದು ಬದಿಯ ರಕ್ಷಕ ಜಿಮ್ ಕ್ರೇಗ್ ನೀಡಿದ ಚೆಂಡನ್ನು ಇನ್ನೊಂದು ಬದಿಯ ರಕ್ಷಕ ಟಾಮಿ ಗೆಮ್ಮೆಲ್ ಗೋಲಾಗಿಸಿದರು. ಕೊನೆಯ ಹಂತದಲ್ಲಿ ಸ್ಟೀವಿ ಚಾಮರ್ಸ್ ಎರಡನೆಯ ಗೋಲು ಗಳಿಸಿದರು. ಸೆಲ್ಟಿಕ್ 2–1ರಿಂದ ಗೆದ್ದಿತು. ತಾವು ಯಾರ ಬಳಿ ಕಲಿಯಲು ಹೋಗಿದ್ದರೋ ಅವರ ತಂಡವನ್ನೇ ಸ್ಟೀನ್ ಮಣಿಸಿದ್ದರು. ಅಂದು ಆಡಿದ ಹನ್ನೊಂದು ಮಂದಿಯೂ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಗಳ ಒಳಗೆ ಜನಿಸಿದವರು. ಈ ತಂಡ 'ಲಿಸ್ಬನ್ ಸಿಂಹಗಳು' ಎಂದು ಪ್ರಸಿದ್ಧವಾಗಿದೆ. 1970ರಲ್ಲಿ ಸೆಲ್ಟಿಕ್ ಮತ್ತೊಮ್ಮೆ ಅಂತಿಮ ಪಂದ್ಯ ತಲುಪಿತಾದರೂ ನೆದರ್ಲೆಂಡ್ಸ್‌ನ ಫೆಯೆನೂರ್ಡ್ ತಂಡಕ್ಕೆ ಸೋತಿತು.

1975ರ ಬೇಸಿಗೆಯಲ್ಲಿ ಕಾರು ಅಪಘಾತದಲ್ಲಿ ಸ್ಟೀನ್ ತೀವ್ರವಾಗಿ ಗಾಯಗೊಂಡರು. ಒಂದು ಋತು ದೂರ ಉಳಿದು ಮರಳಿದ ಅವರು 1977ರಲ್ಲಿ ಮತ್ತೆ ಲೀಗ್ ಹಾಗೂ ಸ್ಕಾಟಿಷ್ ಕಪ್ ಗೆದ್ದರು. 1978ರಲ್ಲಿ ಸೆಲ್ಟಿಕ್ ತೊರೆದರು. ಅವರ ಅವಧಿಯಲ್ಲಿ ತಂಡಕ್ಕೆ 10 ಲೀಗ್ ಪ್ರಶಸ್ತಿಗಳು, 8 ಸ್ಕಾಟಿಷ್ ಕಪ್‌ಗಳು ಮತ್ತು 6 ಲೀಗ್ ಕಪ್‌ಗಳು ಸಂದಿದ್ದವು.

ರಾಷ್ಟ್ರೀಯ ತಂಡದ ಮ್ಯಾನೇಜರ್

1965ರಲ್ಲಿ ಸ್ಟೀನ್ ಸೆಲ್ಟಿಕ್ ಹುದ್ದೆಯ ಜೊತೆಗೆ ಸ್ಕಾಟ್ಲೆಂಡ್ ತಂಡದ ಹೊಣೆಯನ್ನೂ ತಾತ್ಕಾಲಿಕವಾಗಿ ಹೊತ್ತಿದ್ದರು. ಆ ವರ್ಷ ತಂಡವು ಗ್ಲಾಸ್ಗೋದಲ್ಲಿ ಇಟಲಿಯನ್ನು ಸೋಲಿಸಿದರೂ, ನೇಪಲ್ಸ್‌ನಲ್ಲಿ 3–0ರಿಂದ ಸೋತು 1966ರ ವಿಶ್ವಕಪ್‌ಗೆ ಅರ್ಹತೆ ಕಳೆದುಕೊಂಡಿತು. 1978ರಲ್ಲಿ ಇಂಗ್ಲೆಂಡ್‌ನ ಲೀಡ್ಸ್ ಯುನೈಟೆಡ್ ತಂಡದಲ್ಲಿ ಕೇವಲ 44 ದಿನ ಕಳೆದ ಬಳಿಕ ಸ್ಟೀನ್ ಪೂರ್ಣಾವಧಿಯ ರಾಷ್ಟ್ರೀಯ ಮ್ಯಾನೇಜರ್ ಆದರು.

ಈ ಕೆಲಸ ಬೇರೆಯದೇ ಆಗಿತ್ತು. ಸಂಸ್ಥೆಯೊಂದರ ಮ್ಯಾನೇಜರ್ ತನ್ನ ಆಟಗಾರರೊಂದಿಗೆ ಪ್ರತಿದಿನ ಇರುತ್ತಾನೆ. ರಾಷ್ಟ್ರೀಯ ಮ್ಯಾನೇಜರ್‌ಗೆ ಅವರು ಸಿಗುವುದು ಪಂದ್ಯಕ್ಕೆ ಮುಂಚಿನ ಕೆಲವು ದಿನ ಮಾತ್ರ. ಬಾಲ್ಯದಿಂದ ಪಳಗಿಸಿ ತಂಡ ಕಟ್ಟುವ ಸ್ಟೀನ್ ಅವರ ವಿಧಾನಕ್ಕೆ ಇಲ್ಲಿ ಆಸ್ಪದವಿರಲಿಲ್ಲ. 1980 ಮತ್ತು 1984ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗಳಿಗೆ ಸ್ಕಾಟ್ಲೆಂಡ್ ಅರ್ಹತೆ ಪಡೆಯಲಿಲ್ಲ. 1982ರಲ್ಲಿ ಸ್ಪೇನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಅದು ನ್ಯೂಜಿಲೆಂಡ್ ವಿರುದ್ಧ 5–2ರಿಂದ ಗೆದ್ದು, ಬ್ರೆಜಿಲ್‌ಗೆ 4–1ರಿಂದ ಸೋತು, ಸೋವಿಯತ್ ಒಕ್ಕೂಟದೊಂದಿಗೆ 2–2ರ ಸಮಬಲ ಸಾಧಿಸಿತು. ಅಂಕಗಳಲ್ಲಿ ಸೋವಿಯತ್ ತಂಡಕ್ಕೆ ಸಮನಾಗಿದ್ದರೂ ಗೋಲುಗಳ ವ್ಯತ್ಯಾಸದಿಂದಾಗಿ ಹೊರಬಿದ್ದಿತು.

ಕಾರ್ಡಿಫ್ ಪಂದ್ಯ ಮತ್ತು ನಿಧನ

1986ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಸ್ಕಾಟ್ಲೆಂಡ್‌ನ ಕೊನೆಯ ಪಂದ್ಯ 10 ಸೆಪ್ಟೆಂಬರ್ 1985ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ನಡೆಯಿತು. ಮುಂದಿನ ಹಂತದ ಆಶೆ ಉಳಿಯಲು ಕನಿಷ್ಠ ಸಮಬಲ ಬೇಕಿತ್ತು. ಮಾರ್ಕ್ ಹ್ಯೂಸ್ ಗಳಿಸಿದ ಗೋಲಿನಿಂದ ವೇಲ್ಸ್ ಮುನ್ನಡೆಯಿತು. ವಿರಾಮದ ವೇಳೆಗೆ ಸ್ಕಾಟ್ಲೆಂಡ್‌ನ ಗೋಲ್‌ಕೀಪರ್ ಜಿಮ್ ಲೇಟನ್ ತಮ್ಮ ಕಾಂಟ್ಯಾಕ್ಟ್ ಲೆನ್ಸ್ ಕಳೆದುಕೊಂಡಿರುವುದು ತಿಳಿದುಬಂದು, ಅವರ ಬದಲಿಗೆ ಅಲನ್ ರಫ್ ಅವರನ್ನು ಇಳಿಸಬೇಕಾಯಿತು. ಪಂದ್ಯ ಮುಗಿಯಲು ಸುಮಾರು ಹತ್ತು ನಿಮಿಷ ಇರುವಾಗ ಡೇವಿ ಕೂಪರ್ ಪೆನಾಲ್ಟಿಯನ್ನು ಗೋಲಾಗಿಸಿ 1–1ರ ಸಮಬಲ ತಂದರು.

ಆಟ ಮುಗಿಯುವ ಹೊತ್ತಿಗೆ ಸ್ಟೀನ್ ಕುಸಿದುಬಿದ್ದರು. ಅವರನ್ನು ಕ್ರೀಡಾಂಗಣದ ಚಿಕಿತ್ಸಾ ಕೊಠಡಿಗೆ ಒಯ್ಯಲಾಯಿತಾದರೂ ಪ್ರಾಣ ಉಳಿಯಲಿಲ್ಲ. ಆಗ ಅವರಿಗೆ 62 ವರ್ಷ. ಆಟಗಾರರು ಗೆಲುವಿಗೆ ಸಮನಾದ ಫಲಿತಾಂಶ ಪಡೆದೂ ಸಂಭ್ರಮಿಸಲಾರದೆ ಹೋದರು.

ಅವರ ಸಹಾಯಕರಾಗಿದ್ದ ಅಲೆಕ್ಸ್ ಫರ್ಗುಸನ್ ತಾತ್ಕಾಲಿಕವಾಗಿ ಹೊಣೆ ವಹಿಸಿಕೊಂಡರು. ಸ್ಕಾಟ್ಲೆಂಡ್ ಎರಡು ಪಂದ್ಯಗಳ ನಿರ್ಣಾಯಕ ಸುತ್ತಿನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ, 1986ರ ಮೆಕ್ಸಿಕೊ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಜಗದ್ವಿಖ್ಯಾತರಾದ ಫರ್ಗುಸನ್, ಸ್ಟೀನ್ ಅವರಿಂದ ತಾವು ಬಹಳಷ್ಟು ಕಲಿತುದಾಗಿ ಹೇಳಿದ್ದಾರೆ.

ಗೌರವಗಳು

1970ರಲ್ಲಿ ಬ್ರಿಟಿಷ್ ಸರ್ಕಾರ ಸ್ಟೀನ್ ಅವರಿಗೆ ಸಿಬಿಇ ಗೌರವ ನೀಡಿತು. ಸೆಲ್ಟಿಕ್ ಮೈದಾನದ ಒಂದು ಬದಿಯ ಪ್ರೇಕ್ಷಕರ ಗ್ಯಾಲರಿಗೆ ಅವರ ಹೆಸರಿಡಲಾಗಿದೆ. ಮೈದಾನದ ಹೊರಗೆ ಯುರೋಪಿಯನ್ ಕಪ್ ಹಿಡಿದಿರುವ ಅವರ ಕಂಚಿನ ಪ್ರತಿಮೆಯೂ ಇದೆ.