ಸೀನು ನಿಲ್ಲಿಸುವ ಮಾತ್ರೆ: ಯಂತ್ರದ ಮುಂದೆ ನಿಲ್ಲುವವರಿಗೆ ಯಾವುದು ಯೋಗ್ಯ?

ಬಂಟ್ವಾಳದ ಅಕ್ಕಿ ಗಿರಣಿ, ಮೂಡುಬಿದಿರೆಯ ಗೇರುಬೀಜ ಕಾರ್ಖಾನೆ, ಬೆಳ್ತಂಗಡಿಯ ಅಡಿಕೆ ದಾಸ್ತಾನು ಕೊಠಡಿ - ಇವುಗಳ ವ್ಯವಹಾರ ಬೇರೆ ಬೇರೆಯಾದರೂ ಧೂಳು ಮಾತ್ರ ಎಲ್ಲೆಡೆ ಸಮಾನ. ತೌಡಿನ ಹುಡಿ, ಗೇರು ತಿರುಳಿನ ಒಳಸಿಪ್ಪೆ, ಅಡಿಕೆ ಸಿಪ್ಪೆಯ ನಾರು, ಮಳೆಗಾಲದಲ್ಲಿ ಗೋಣಿಚೀಲಗಳಿಗೆ ಹಿಡಿಯುವ ಬೂಷ್ಟು ಇವೆಲ್ಲವೂ ಕೆಲವರ ಮೂಗಿಗೆ ಒಗ್ಗುವುದಿಲ್ಲ. ಬೆಳಗಿನ ಹೊತ್ತು ಸರಣಿ ಸೀನು, ಮೂಗಿನಲ್ಲಿ ನೀರು, ಕಣ್ಣಿನ ತುರಿಕೆ ಇದರ ಲಕ್ಷಣಗಳು. ಪಾಶ್ಚಾತ್ಯ ದೇಶಗಳಲ್ಲಿ ಹುಲ್ಲಿನ ಪರಾಗದಿಂದ ಬರುವ ‘ಹೇ ಫೀವರ್’ ಕೂಡ ಇದೇ ಜಾತಿಯದು. ಶರೀರವು ಹೊರಗಿನ ಕಣವನ್ನು ಶತ್ರುವೆಂದು ಭಾವಿಸಿ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಸೂಸುವುದೇ ಇದಕ್ಕೆ ಕಾರಣ. ಅದರ ಕೆಲಸವನ್ನು ತಡೆಯುವ ಔಷಧಗಳೇ ಆಂಟಿಹಿಸ್ಟಮಿನ್‌ಗಳು.

ಇವುಗಳಲ್ಲಿ ಎರಡು ಪೀಳಿಗೆಗಳಿವೆ. ಕ್ಲೋರ್‌ಫೆನಿರಮಿನ್ ಹಾಗೂ ಅವಿಲ್ ಎಂಬ ಹೆಸರಿನಿಂದ ಪರಿಚಿತವಾದ ಫೆನಿರಮಿನ್ ಹಳೆಯ ಪೀಳಿಗೆಗೆ ಸೇರಿದವು. ಬೆಲೆ ಅತ್ಯಲ್ಪ, ಪರಿಣಾಮ ಶೀಘ್ರ. ಆದರೆ ಇವು ಮಿದುಳನ್ನು ಸುಲಭವಾಗಿ ಪ್ರವೇಶಿಸಿ ಮಂಪರು ತರುತ್ತವೆ. ರಾತ್ರಿ ನುಂಗಿದ ಕ್ಲೋರ್‌ಫೆನಿರಮಿನ್‌ನ ಪ್ರಭಾವ ಮರುದಿನ ಬೆಳಗಿನ ಪಾಳಿಯವರೆಗೂ ಉಳಿಯಬಲ್ಲದು. ಅಂಗಡಿಗಳಲ್ಲಿ ‘ಶೀತದ ಮಾತ್ರೆ’ ಎಂದು ದೊರೆಯುವ ಅನೇಕ ಮಿಶ್ರಣಗಳಲ್ಲಿ ಇದೇ ಔಷಧ ಅಡಗಿರುವುದರಿಂದ ಪೊಟ್ಟಣದ ಹಿಂಬದಿಯನ್ನು ಓದುವುದು ಅವಶ್ಯ.

ಮಂಪರಿನ ಅರಿವು ಸೇವಿಸಿದವನಿಗೇ ಇರುವುದಿಲ್ಲವೆಂಬುದು ಇನ್ನೂ ಗಂಭೀರ ವಿಚಾರ. ಅಮೆರಿಕದ ಅಯೋವಾದಲ್ಲಿ 40 ಮಂದಿ ಅಲರ್ಜಿ ಪೀಡಿತರನ್ನು ಕೃತಕ ವಾಹನದಲ್ಲಿ ಕೂರಿಸಿ ನಡೆಸಿದ ಪ್ರಯೋಗದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಹಳೆಯ ಪೀಳಿಗೆಯ ಡೈಫೆನ್‌ಹೈಡ್ರಮಿನ್ ಸೇವಿಸಿದಾಗ ಅವರ ಚಾಲನೆ ಮದ್ಯ ಸೇವಿಸಿದಾಗಿನದಕ್ಕಿಂತಲೂ ಕೆಟ್ಟದಾಗಿತ್ತು. ಹೊಸ ಪೀಳಿಗೆಯ ಫೆಕ್ಸೊಫೆನಡಿನ್ ಸೇವಿಸಿದಾಗ ಹುಸಿ ಮಾತ್ರೆ ನುಂಗಿದಾಗಿನಷ್ಟೇ ಸುಸ್ಥಿತಿಯಲ್ಲಿತ್ತು. ‘ನನಗೆ ನಿದ್ದೆ ಬರುತ್ತಿಲ್ಲ’ ಎಂಬ ಭಾವನೆಯನ್ನು ನಂಬುವಂತಿಲ್ಲವೆಂಬುದೂ ಅಲ್ಲಿ ಕಂಡುಬಂತು. ಅಡಿಕೆ ಸುಲಿಯುವ ಯಂತ್ರಕ್ಕೆ ಕೈಯೊಡ್ಡುವವರಿಗೆ, ಗಿರಣಿಯ ಬೆಲ್ಟಿನ ಪಕ್ಕದಲ್ಲಿ ನಿಲ್ಲುವವರಿಗೆ, ಸರಕು ತುಂಬಿಕೊಂಡು ಘಾಟಿ ಏರುವ ಚಾಲಕರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಹೊಸ ಪೀಳಿಗೆಯಲ್ಲಿಯೂ ತರತಮಗಳುಂಟು. ಸೆಟ್ರಿಜಿನ್ 10 ಮಿ.ಗ್ರಾಂ. ದಿನಕ್ಕೊಂದು ಸಾಕು. ಇದು ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವುದರಿಂದ ಬೆಲೆಗೆ ಮಿತಿಯಿದೆ. ಆದರೆ ಪ್ರಯೋಗಗಳಲ್ಲಿ ಇದನ್ನು ಪಡೆದ ನೂರು ಮಂದಿಯಲ್ಲಿ ಸುಮಾರು 14 ಮಂದಿಗೆ ತೂಕಡಿಕೆ ಕಂಡಿದೆ. ಹುಸಿ ಮಾತ್ರೆ ಪಡೆದವರಲ್ಲಿ ಈ ಸಂಖ್ಯೆ 6. ಆದ್ದರಿಂದ ಇದನ್ನು ರಾತ್ರಿ ಸೇವಿಸುವುದು ಲೇಸು. ಲೆವೊಸೆಟ್ರಿಜಿನ್ ಇದರದೇ ರೂಪಾಂತರವಾಗಿದ್ದು, ಅದೂ ಕೆಲವರಿಗೆ ಮಂಪರು ತರಬಹುದು. ಮೂತ್ರಪಿಂಡದ ತೊಂದರೆಯಿರುವವರು ಇವೆರಡರ ಪ್ರಮಾಣವನ್ನು ವೈದ್ಯರಿಂದಲೇ ನಿಗದಿಪಡಿಸಿಕೊಳ್ಳಬೇಕು. ಲೊರಾಟಡಿನ್ 10 ಮಿ.ಗ್ರಾಂ. ಹಾಗೂ ಫೆಕ್ಸೊಫೆನಡಿನ್ 120 ಮಿ.ಗ್ರಾಂ. ಮಂಪರನ್ನು ಅತಿ ಕಡಿಮೆ ತರುವಂಥವು. ಫೆಕ್ಸೊಫೆನಡಿನ್‌ನ ಬೆಲೆ ಸೆಟ್ರಿಜಿನ್‌ಗಿಂತ ಹೆಚ್ಚಾದರೂ ಚಾಲಕರಿಗೂ ಯಂತ್ರ ನಡೆಸುವವರಿಗೂ ಅದು ಸೂಕ್ತ ಆಯ್ಕೆ. ಅದನ್ನು ನೀರಿನೊಡನೆಯೇ ನುಂಗಬೇಕು. ಕಿತ್ತಳೆ ಅಥವಾ ಸೇಬಿನ ರಸದೊಡನೆ ಸೇವಿಸಿದರೆ ಔಷಧ ರಕ್ತಕ್ಕೆ ಸೇರುವುದು ಕುಗ್ಗುತ್ತದೆ.

ಮೂಗು ಕಟ್ಟುವುದೇ ಮುಖ್ಯ ಬಾಧೆಯಾಗಿದ್ದಲ್ಲಿ ಮಾತ್ರೆಗಿಂತ ಫ್ಲೂಟಿಕಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಫಲಕಾರಿ. ಅದನ್ನು ವೈದ್ಯರ ಸಲಹೆಯಂತೆ ಬಳಸಬೇಕು. ಮೂಗು ತಕ್ಷಣ ತೆರೆಸುವ ಹನಿಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಕಟ್ಟಿಕೊಳ್ಳುತ್ತದೆ. ಉಬ್ಬಸ, ಎದೆ ಬಿಗಿತ ಕಾಣಿಸಿದರೆ ಅದು ಆಸ್ತಮಾ ಇರಬಹುದಾದ್ದರಿಂದ ವೈದ್ಯರ ಭೇಟಿಯನ್ನು ಮುಂದೂಡಬಾರದು. ಗರ್ಭಿಣಿಯರೂ ಪ್ರಾಸ್ಟೇಟ್ ಅಥವಾ ಗ್ಲಾಕೋಮಾ ತೊಂದರೆಯಿರುವವರೂ ಸ್ವಯಂ ಚಿಕಿತ್ಸೆಗೆ ಇಳಿಯಬಾರದು.

ಮಾತ್ರೆಯು ಸೀನನ್ನು ತಡೆಯುವುದೇ ಹೊರತು ಧೂಳನ್ನಲ್ಲ. ಧೂಳು ಹುಟ್ಟುವಲ್ಲಿಯೇ ಹೀರುವ ಫ್ಯಾನು, ಒದ್ದೆ ಬಟ್ಟೆಯಿಂದ ಒರೆಸುವ ಪದ್ಧತಿ, ಮೂಗು ಬಾಯಿ ಮುಚ್ಚುವ ಮಾಸ್ಕ್, ಗಾಳಿಯಾಡುವ ದಾಸ್ತಾನು ಕೊಠಡಿ ಇವುಗಳ ವೆಚ್ಚವನ್ನು ಮಾಲೀಕರು ಉತ್ಪಾದನಾ ವೆಚ್ಚದಲ್ಲಿಯೇ ಸೇರಿಸಿಕೊಳ್ಳುವುದು ಉಚಿತ. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಮಂಪರು ತರುವ ಹಳೆಯ ಮಾತ್ರೆಗಳಿದ್ದರೆ ಅವನ್ನು ತೆಗೆದಿರಿಸಬೇಕು. ಸೀನುವ ಕಾರ್ಮಿಕನಿಗೆ ಮಾತ್ರೆ ಕೊಡುವ ಮುನ್ನ, ಅಂದು ಆತ ಯಾವ ಯಂತ್ರದ ಮುಂದೆ ನಿಲ್ಲುವವನೆಂದು ವಿಚಾರಿಸಬೇಕು.