ರೈಲು ನಿಲ್ದಾಣದ ಎದುರಿನ ದಾಸೋಹ: ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಸದ್ಗೃಹಸ್ಥರ ಮನೆಗಳಲ್ಲಿ ಮಗನೋ ಮಗಳೋ ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿ ತೇರ್ಗಡೆಯಾದರೆ, ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಒಳಹೊಗುತ್ತದೆ. ಬೆಂಗಳೂರಿಗೆ ಕಳುಹಿಸಬೇಕು, ಸರಿ. ಆದರೆ ಅಲ್ಲಿ ಇರುವುದೆಲ್ಲಿ, ಉಣ್ಣುವುದೆಲ್ಲಿ? ಕಾಲೇಜಿನ ಶುಲ್ಕವನ್ನು ಹೇಗೋ ಹೊಂದಿಸಿದ ತಂದೆ ಕೋಣೆಯ ಬಾಡಿಗೆಯ ಮುಂದೆ ಸೋತು ಕೂರುತ್ತಾನೆ. ಮೆಕ್ಕೆಜೋಳದ ಧಾರಣೆ ಬಿದ್ದ ವರ್ಷವಂತೂ ಕೇಳುವುದೇ ಬೇಡ. ಈ ಚಿಂತೆ ಇಂದು ಹುಟ್ಟಿದ್ದಲ್ಲ. ನೂರು ವರ್ಷಗಳಿಗೂ ಹಿಂದೆಯೇ ಇದನ್ನು ಮನಗಂಡು, ತಮ್ಮ ಗಳಿಕೆಯನ್ನು ಅದಕ್ಕಾಗಿ ಧಾರೆಯೆರೆದ ವ್ಯಾಪಾರಿಯೊಬ್ಬರು ನಮ್ಮ ಸಮಾಜದಲ್ಲಿ ಆಗಿಹೋದರು. ಅವರೇ ಪ್ರಾತಃಸ್ಮರಣೀಯರಾದ ಗುಬ್ಬಿ ತೋಟದಪ್ಪನವರು.

1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಜನಿಸಿದ ತೋಟದಪ್ಪನವರು ಎಳೆಯ ವಯಸ್ಸಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಬೆಂಗಳೂರಿಗೆ ಬಂದರು. ಮಾಮೂಲುಪೇಟೆಯಲ್ಲಿ ಅಂಗಡಿ ಹೂಡಿ, ಕಾಯಕನಿಷ್ಠೆಯಿಂದ ಶ್ರೀಮಂತರಾದರು. ಸಂತಾನಭಾಗ್ಯ ಅವರಿಗಿರಲಿಲ್ಲ. ಇಂತಹ ಸನ್ನಿವೇಶದಲ್ಲಿ ಬಂಧುಬಳಗದವರ ಕಣ್ಣು ಆಸ್ತಿಯ ಮೇಲೆ ನೆಡುವುದು ಲೋಕರೂಢಿ. ಆದರೆ ಅವರ ಕಣ್ಣು ನೆಟ್ಟದ್ದು ರೈಲು ನಿಲ್ದಾಣದ ಮೇಲೆ.

ಆ ಕಾಲದ ಬೆಂಗಳೂರನ್ನು ವಾಚಕರು ಒಮ್ಮೆ ಊಹಿಸಿಕೊಳ್ಳಬೇಕು. 1882ರ ವೇಳೆಗೆ ಮೈಸೂರಿನವರೆಗೂ ರೈಲು ಓಡಾಡತೊಡಗಿತ್ತು. ವ್ಯಾಪಾರಕ್ಕೆ, ಕಚೇರಿ ಕೆಲಸಕ್ಕೆ, ಚಿಕಿತ್ಸೆಗೆ, ವಿದ್ಯಾಭ್ಯಾಸಕ್ಕೆ ಬಂದಿಳಿಯುವವರು ದಿನದಿನಕ್ಕೆ ಹೆಚ್ಚುತ್ತಿದ್ದರು. ನಿಲ್ದಾಣದ ಮುಂದೆ ಧರ್ಮಾಂಬುಧಿ ಕೆರೆ, ಊರೆಲ್ಲ ಅದರಾಚೆಗೆ. ನಡುರಾತ್ರಿ ಹೆಂಡಿರು ಮಕ್ಕಳೊಡನೆ ಇಳಿದವನು ಗಂಟುಮೂಟೆಯೊಡನೆ ಎಲ್ಲಿಗೆ ಹೋಗಬೇಕು? ಪರಸ್ಥಳದಲ್ಲಿ ತಲೆಯ ಮೇಲೊಂದು ಸೂರಿಲ್ಲದ ಕಷ್ಟವೇನೆಂಬುದು ನಮ್ಮ ಭಾಗದವರಿಗೆ ಹೇಳಬೇಕಾದುದಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿ, ಹಗಲಿರುಳು ಕಾಲ್ನಡಿಗೆಯಲ್ಲಿ ಸಾಗುವ ಬಂಜಾರ ಭಕ್ತರನ್ನು ಕಂಡವರಿಗೆ ಒಂದು ಜಗುಲಿ, ಒಂದು ತಂಬಿಗೆ ನೀರು ಎಷ್ಟು ದೊಡ್ಡದೆಂಬುದು ತಿಳಿದೇ ಇದೆ.

1897ರಲ್ಲಿ ತೋಟದಪ್ಪನವರು ನಿಲ್ದಾಣದ ಸಮೀಪ ಎರಡೂವರೆ ಎಕರೆ ನೆಲವನ್ನು ರೈಲ್ವೆಯವರಿಂದ 10,000 ರೂಪಾಯಿಗಳಿಗೆ ಕೊಂಡರು. ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಬಡಿದು ಜನ ಊರು ಬಿಟ್ಟು ಓಡಿದರು. ಅಂತಹ ದುರ್ದಿನಗಳು ಕಳೆದ ಮೇಲೂ ಅವರ ಸಂಕಲ್ಪ ಕದಲಲಿಲ್ಲ. 1903ರ ಫೆಬ್ರವರಿ 11ರಂದು ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರು ಧರ್ಮಛತ್ರವನ್ನು ಉದ್ಘಾಟಿಸಿದರು. ಮಹಾರಾಜರಿಗೆ ಆಗ ಹತ್ತೊಂಬತ್ತು ಕೂಡ ತುಂಬಿರಲಿಲ್ಲ. ರಾಜ್ಯಾಧಿಕಾರ ಕೈಗೆ ಬಂದು ವರ್ಷವೂ ಆಗಿರಲಿಲ್ಲ. ‘ಧರ್ಮಪ್ರವರ್ತ’ ಎಂಬ ಬಿರುದನ್ನು ತೋಟದಪ್ಪನವರಿಗಿತ್ತವರೂ ಅವರೇ. ಬ್ರಿಟಿಷ್ ಸರಕಾರದ ‘ರಾವ್ ಬಹದ್ದೂರ್’ ಪದವಿಯೂ ಬಂದಿತು. ಬಿರುದುಗಳ ಮಾತು ಇಷ್ಟೇ ಸಾಕು.

ನಮ್ಮ ದೃಷ್ಟಿಯಲ್ಲಿ ಛತ್ರಕ್ಕಿಂತಲೂ ಹಿರಿದಾದುದು ಅದರ ನಂತರದ ಹೆಜ್ಜೆ. ಛತ್ರದಲ್ಲಿ ತಂಗಿದವನು ಎರಡು ದಿನಗಳಲ್ಲಿ ಊರಿಗೆ ಮರಳುತ್ತಾನೆ. ವಿದ್ಯಾರ್ಥಿಗೆ ವರ್ಷಗಟ್ಟಲೆ ಆಶ್ರಯ ಬೇಕು. ಇದನ್ನರಿತು 1906ರಲ್ಲಿ ಪರಸ್ಥಳಗಳ ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವನ್ನು ಅವರು ಆರಂಭಿಸಿದರು. ಅದೇ ವರ್ಷ ಉತ್ತರದಲ್ಲಿ ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆ ಮೃತ್ಯುಪತ್ರದ ಮೂಲಕ ಮೀಸಲಿಟ್ಟು ಲಿಂಗೈಕ್ಯರಾದರು. ಒಬ್ಬರು ದೇಸಗತಿಯ ಒಡೆಯರು, ಇನ್ನೊಬ್ಬರು ಪೇಟೆಯ ವರ್ತಕರು. ಶಿರಸಂಗಿಯ ನಿಧಿ ವಿದ್ಯಾರ್ಥಿವೇತನವಾಗಿ ಹರಿಯಿತು; ತೋಟದಪ್ಪನವರದು ಅನ್ನವಾಗಿ, ಹಾಸಿಗೆಯಾಗಿ, ರಾತ್ರಿ ಓದಲು ಬೆಳಕಾಗಿ ಒದಗಿತು. ಎರಡೂ ಬೇಕಾದುವೇ. ಆದರೆ ವಿದ್ಯಾರ್ಥಿವೇತನದ ಹಣ ಬೆಲೆಯೇರಿಕೆಯಲ್ಲಿ ಸವೆಯುತ್ತದೆ. ಕಟ್ಟಿದ ಮನೆಯ ಆಸರೆ ಹಾಗೆ ಸವೆಯುವುದಿಲ್ಲ ಎಂಬುದನ್ನು ದಾನಿಗಳು ಲಕ್ಷಿಸಬೇಕು.

ದಾನ ಮಾಡುವುದು ಒಂದು ಕಷ್ಟವಾದರೆ, ಮಾಡಿದ ದಾನ ಉಳಿಯುವಂತೆ ನೋಡಿಕೊಳ್ಳುವುದು ಮತ್ತೊಂದು. ದಾನಿ ಕಣ್ಮುಚ್ಚಿದೊಡನೆ ಮುಚ್ಚಿಹೋದ ಛತ್ರಗಳು, ವ್ಯಾಜ್ಯಕ್ಕೆ ಸಿಕ್ಕಿ ಬೀಗ ಬಿದ್ದ ಮನೆಗಳು ನಾಡಿನಲ್ಲಿ ಎಷ್ಟಿಲ್ಲ! ತೋಟದಪ್ಪನವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಯ ವಶಕ್ಕಿತ್ತು, ಆಡಳಿತವನ್ನು ಸಮರ್ಥರ ಕೈಗೊಪ್ಪಿಸಿದರು. ಬೆಂಗಳೂರಿನ ಪುರಭವನಕ್ಕೆ ಯಾರ ಹೆಸರಿದೆಯೋ ಆ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರು ಸಂಸ್ಥೆಯ ಅಧ್ಯಕ್ಷರಾಗಿ ಅದನ್ನು ನಡೆಸಿದರು. 1910ರ ಫೆಬ್ರವರಿಯಲ್ಲಿ ತೋಟದಪ್ಪನವರು ಲಿಂಗೈಕ್ಯರಾದ ಮೇಲೂ ಒಲೆ ಆರಲಿಲ್ಲ.

ಆ ಒಲೆಯ ಅನ್ನವುಂಡವರಲ್ಲಿ ಒಬ್ಬರನ್ನು ಮಾತ್ರ ಇಲ್ಲಿ ನೆನೆಯುತ್ತೇವೆ. 1920ರ ದಶಕದ ಕೊನೆಯಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಮಾಗಡಿ ಸೀಮೆಯ ವೀರಾಪುರದ ತರುಣರೊಬ್ಬರು ಈ ನಿಲಯದಲ್ಲಿದ್ದರು. 1930ರಲ್ಲಿ ಅವರು ವಿರಕ್ತಾಶ್ರಮ ಸ್ವೀಕರಿಸಿದರು. ಅವರೇ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು. 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಶ್ರೀಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು, ಜಾತಿಮತಗಳ ಭೇದವಿಲ್ಲದೆ, ಅನ್ನ, ಆಶ್ರಯ, ಅಕ್ಷರಗಳನ್ನು ಪಡೆಯುತ್ತಿದ್ದರು. ಒಂದು ನಿಲಯದ ಊಟ ಇನ್ನೆಲ್ಲಿ, ಎಷ್ಟು ಪಂಕ್ತಿಗಳಾಗಿ ಬೆಳೆದೀತೆಂಬುದನ್ನು ಯಾವ ಲೆಕ್ಕಿಗ ಬರೆದಿಟ್ಟಾನು?

ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. 1906ರ ದಾನಿಯ ಕಣ್ಣ ಮುಂದಿದ್ದವನು ಹುಡುಗ. ಅಂದಿನ ಕಾಲ ಹಾಗಿತ್ತು. ಇಂದು ನಮ್ಮ ಮನೆಗಳಲ್ಲಿ ಹೆಚ್ಚಿನ ಅಂಕ ತರುತ್ತಿರುವವರು ಅನೇಕ ವೇಳೆ ಹೆಣ್ಣುಮಕ್ಕಳು, ಮತ್ತು ವಸತಿಯ ಭಯದಿಂದ ಮೊದಲು ಓದು ನಿಲ್ಲಿಸಬೇಕಾದವರೂ ಅವರೇ. ಚನ್ನಗಿರಿಯ ಅಡಿಕೆ ತೋಟಗಳ ಒಡೆಯರು, ದಾವಣಗೆರೆಯ ಮಂಡಿ ವರ್ತಕರು ಕಲ್ಯಾಣಮಂಟಪಕ್ಕೆ ಕೊಡುವಷ್ಟನ್ನೇ ಹೆಣ್ಣುಮಕ್ಕಳ ನಿಲಯವೊಂದಕ್ಕೆ ಕೊಟ್ಟರೆ ಸಾಕು. ಮಂಟಪ ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ?

ಧರ್ಮಾಂಬುಧಿ ಕೆರೆ ಬತ್ತಿ, ಅದರಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೆದ್ದಿದೆ. ಅದರ ಕೆಳಗೆ ಮೆಟ್ರೋ ರೈಲು ಓಡುತ್ತಿದೆ. 10,000 ರೂಪಾಯಿಯ ಆ ನೆಲದ ಬೆಲೆಯನ್ನು ಇಂದು ಕಟ್ಟುವವರು ಕಟ್ಟಿಕೊಳ್ಳಲಿ. ನಿಲಯದಲ್ಲಿ ಪ್ರವೇಶ ಬಯಸುವ ವಿದ್ಯಾರ್ಥಿಗಳ ಪೋಷಕರು ಕಾಲೇಜುಗಳು ಆರಂಭವಾಗುವವರೆಗೆ ಕಾಯದೆ ಸಂಸ್ಥೆಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳಿತು. ದಾರಿ ಹುಡುಕುವ ಶ್ರಮವಿಲ್ಲ. ನಿಲ್ದಾಣದ ಎದುರಿನ ರಸ್ತೆಗೆ ತೋಟದಪ್ಪನವರದೇ ಹೆಸರಿದೆ.